ಗವಂಡಿ ಅಧ್ಯಕ್ಷನಾದ ಮೇಲೆ

ಅಪ್ಪ ನಗರಪಾಲಿಕೆಯ ಅಧ್ಯಕ್ಷನಾದ ವಾರದಲ್ಲೇ ನಮ್ಮ ಮನೆಗೆ ಮೊದಲ ಕುರ್ಚಿ ಬಂತು. ಬೆತ್ತ ಹೆಣೆದ, ಎರಡೂ ಕಡೆ ಕೈಗಳಿದ್ದ ಹಳೆಯ ಕುರ್ಚಿ. ಪೇಟೆಯ ಕೆಲವರು ಅದನ್ನು ಎತ್ತಿನ ಗಾಡಿಯಲ್ಲಿ ತಂದು ಪಡಸಾಲೆಯ ನಡುವೆ ಇಳಿಸಿ, ಅಪ್ಪನಿಗೆ ಕೈಮುಗಿದು ಹೋದರು. ಅಲ್ಲಿಯವರೆಗೆ ನಮ್ಮ ಮನೆಗೆ ಬಂದವರು ಕಂಬಳಿಯ ಮೇಲೆ ಕೂಡುತ್ತಿದ್ದರು, ಕಂಬಳಿ ಸಾಲದಿದ್ದರೆ ನೆಲದ ಮೇಲೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ಕುರ್ಚಿಯ ಸುತ್ತ ಒಮ್ಮೆ ತಿರುಗಿ, ಅದರ ಕಾಲು ಅಲುಗಿಸಿ ನೋಡಿ, ತನ್ನ ಮೂಲೆಗೆ ಹೋಗಿ ಕುಳಿತಳು.

"ಒಬ್ಬಾಂವ ಕುಂದರೂದಕ್ಕ ಮೂರು ಮಂದಿ ಜಾಗಾ ತಿಂತೈತಿ ಇದು," ಎಂದಳು.

ಪಡಸಾಲೆ ಅಷ್ಟು ದೊಡ್ಡದಾಗಿಯೇನೂ ಇರಲಿಲ್ಲ. ಅಕ್ಕಲಕೋಟದ ಅಂಚಿನಲ್ಲಿ, ಕಲ್ಲುಕೆಲಸದವರೂ ಕೂಲಿಯವರೂ ಇದ್ದ ಓಣಿಯಲ್ಲಿ ಅಪ್ಪ ಆ ಮನೆಯನ್ನು ತಾನೇ ಕಟ್ಟಿದ್ದ. ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಬೇರೆಯವರ ಮನೆ ಕಟ್ಟಿ ಮುಗಿಸಿದಾಗ ಉಳಿದ ಕಲ್ಲನ್ನು ಕೇಳಿ ತಂದು, ಬಿಡುವಿದ್ದಾಗ ಒಂದೊಂದು ಗೋಡೆ ಎಬ್ಬಿಸಿದ್ದ. ಹಾಗಾಗಿ ನಮ್ಮ ಗೋಡೆಗಳಲ್ಲಿ ಕರಿಕಲ್ಲೂ ಇತ್ತು, ಕೆಂಪು ಇಟ್ಟಂಗಿಯೂ ಇತ್ತು, ಯಾವುದೋ ವಾಡೆಯ ಮುರಿದ ಹೊಸ್ತಿಲ ತುಂಡೂ ಇತ್ತು. ಮುಂದೆ ಪಡಸಾಲೆ, ಅದರ ಹಿಂದೆ ಅಡುಗೆಯ ಕೋಣೆ, ಬದಿಗೆ ಬೆಳಕಿಂಡಿಯೊಂದನ್ನು ಬಿಟ್ಟರೆ ಬೆಳಕೇ ಕಾಣದ ದೇವರ ಕೋಣೆ. ಮೇಲೆ ಮಣ್ಣಿನ ಮಾಳಿಗೆ. ಓಣಿಯ ಕಡೆಗಿದ್ದ ಗೋಡೆಗೆ ಗಾರೆ ಮೆತ್ತುವ ಗಿಲಾವ ಆಗಿರಲೇ ಇಲ್ಲ. ಕಲ್ಲುಗಳ ಸಂದಿಯಲ್ಲಿ ಗುಬ್ಬಿಗಳು ಕೂಡುತ್ತಿದ್ದವು. ಅವ್ವ ಅದನ್ನು ತೋರಿಸಿ, ಊರ ಮಂದಿಯ ಗೋಡೆಗೆಲ್ಲ ಕೈಯಾಡಿಸುವ ಗವಂಡಿಗೆ ತನ್ನ ಮನೆಯ ಗೋಡೆ ಮಾತ್ರ ಕಾಣುವುದಿಲ್ಲ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಆಮೇಲೆ ಬಂತು.

ಅಪ್ಪನ ಹೆಸರು ಬೀರಪ್ಪ. ಭೀಮಾ ಹೊಳೆಯ ಆಚೆ, ಇಂಡಿಯ ಕಡೆ, ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಒಂದು ಮಳೆಗಾಲದಲ್ಲಿ ರೋಗ ಬಿದ್ದು ಹಿಂಡಿಗೆ ಹಿಂಡೇ ಸತ್ತ ಮೇಲೆ ಆಯಿ ತನ್ನ ಒಬ್ಬನೇ ಮಗನನ್ನು ಕರೆದುಕೊಂಡು ಹೊಳೆ ದಾಟಿ ಬಂದಳಂತೆ. ಆಗ ಅಕ್ಕಲಕೋಟದಲ್ಲಿ ಒಂದು ದೊಡ್ಡ ವಾಡೆ ಕಟ್ಟುತ್ತಿದ್ದರು. ತಾಯಿ ನೀರು ಹೊತ್ತಳು, ಮಗ ಕಲ್ಲು ಹೊತ್ತ. ಅಲ್ಲಿಯ ವಯಸ್ಸಾದ ಉಸ್ತಾದರೊಬ್ಬರು ಅಪ್ಪನ ಕೈಗೆ ಕರಣಿ ಕೊಟ್ಟು ಗೋಡೆ ಕಟ್ಟುವುದನ್ನು ಕಲಿಸಿದರು. ತಡವಳದಿಂದ ಕೂಲಿಗೆಂದು ಬಂದ ಅವ್ವ ಅದೇ ವಾಡೆಯಲ್ಲಿ ಗಚ್ಚಿನ ಬುಟ್ಟಿ ಹೊರುತ್ತಿದ್ದಳು. ಅವರ ಮದುವೆಯ ಮಾತುಕತೆ ಆದದ್ದು ಅರ್ಧ ಎದ್ದ ಗೋಡೆಯ ನೆರಳಿನಲ್ಲಿ, ಮಧ್ಯಾಹ್ನದ ರೊಟ್ಟಿ ತಿನ್ನುವಾಗ. ಆಮೇಲೆ ಆ ಊರಲ್ಲಿ ಎದ್ದ ಎಷ್ಟೋ ಮನೆಗಳಲ್ಲಿ ಅವ್ವ ಗಚ್ಚು ಹೊತ್ತು ಕೊಟ್ಟಿದ್ದಾಳೆ, ಅಪ್ಪ ಅದನ್ನು ಹಾಸಿ ಕಲ್ಲು ಕೂರಿಸಿದ್ದಾನೆ. ಆದರೂ ಊರವರ ಬಾಯಲ್ಲಿ ಅವನು ಹೊಳೆಯಾಚಿನ ಬೀರಪ್ಪನೇ.

ಅಂಥವನು ಅಧ್ಯಕ್ಷನಾದದ್ದು ಹೀಗೆ. ಓಣಿಯ ಜನ ಅವನನ್ನು ಎಳೆದು ನಿಲ್ಲಿಸಿ ಮೆಂಬರ್ ಮಾಡಿದರು. ಆರಿಸಿ ಬಂದವರಲ್ಲಿ ಅರ್ಧ ಜನ ಪೇಟೆಯ ಅಡತಿ ವ್ಯಾಪಾರಿಗಳ ಕಡೆಯವರು, ಇನ್ನರ್ಧ ಮಾಲಕರ ಕಡೆಯವರು. ಮಾಲಕರೆಂದರೆ ಅಪ್ಪ ಮೊದಲು ಕಲ್ಲು ಹೊತ್ತ ಆ ವಾಡೆಯ ಒಡೆಯರು, ಸುತ್ತಲಿನ ಹಳ್ಳಿಗಳಲ್ಲಿ ಹೊಲ ಇದ್ದವರು. ಇವರು ನಿಲ್ಲಿಸಿದವನನ್ನು ಅವರು ಒಪ್ಪಲಿಲ್ಲ, ಅವರು ನಿಲ್ಲಿಸಿದವನನ್ನು ಇವರು ಒಪ್ಪಲಿಲ್ಲ. ಕೊನೆಗೆ ಎರಡೂ ಕಡೆಯವರಿಗೆ ಅಪ್ಪನ ನೆನಪಾಯಿತು. ಊರಲ್ಲಿ ಅವನಿಗೆ ಬಳಗವಿಲ್ಲ, ಹಳೆಯ ಜಗಳವಿಲ್ಲ, ಎದುರು ಮಾತಾಡಿ ಗೊತ್ತಿಲ್ಲ. ಕೂರಿಸಿದರೆ ಕೂಡುತ್ತಾನೆ, ಏಳು ಅಂದರೆ ಏಳುತ್ತಾನೆ ಎಂದು ಅವರು ಅಂದುಕೊಂಡಿರಬೇಕು. ಅಂದು ಸಂಜೆ ಅಪ್ಪ ಹಾರ ಹಾಕಿಕೊಂಡು ಓಣಿಗೆ ಬಂದಾಗ ಹೆಂಗಸರು ಆರತಿ ತಂದರು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ನಕ್ಕಳು. ಆ ನಗು ನನಗೆ ಚೆನ್ನಾಗಿ ನೆನಪಿದೆ.

ಮರುದಿನದಿಂದ ಊರಿನ ಮಾತು ಬದಲಾಯಿತು. "ಏ ಬೀರಪ್ಪಾ, ಬಾ ಇಲ್ಲಿ" ಎನ್ನುತ್ತಿದ್ದವರು "ಬರ್ರಿ ಅಧ್ಯಕ್ಷರ" ಎಂದರು. ಮರಾಠಿಯವರಿಗೆ ಅವನು ಬೀರಾಜಿರಾವ್ ಆದ. ಮಾಲಕರ ಮನೆಯಲ್ಲಿ ಅವನಿಗೆ ಕಪ್-ಬಸಿಯಲ್ಲಿ ಚಹಾ ಬಂತು. ಇದೆಲ್ಲ ನನಗೆ ಬಹಳ ಹಿಡಿಸಿತು. ಸಾಲೆಯಲ್ಲಿ ಮಾಸ್ತರಿಣಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ಅಪ್ಪ ಒಂದು ಕರಿಯ ಕೋಟು ಹೊಲಿಸಿದ. ಬೇಸಗೆಯಲ್ಲೂ ಅದನ್ನು ಹಾಕಿಕೊಂಡೇ ಹೋಗುತ್ತಿದ್ದ, ಬೆನ್ನ ಮೇಲೆ ಬೆವರಿನ ಉಪ್ಪು ಬಿಳಿಗೆರೆಯಾಗಿ ಕೂಡುತ್ತಿತ್ತು.

ಆದರೆ ಕೆಲಸ ಬರಲಿಲ್ಲ. ಮೊದಲ ತಿಂಗಳು ಅದು ಯಾರ ಗಮನಕ್ಕೂ ಬರಲಿಲ್ಲ. ಅಧ್ಯಕ್ಷಗಿರಿಗೆ ಪಗಾರ ಇರಲಿಲ್ಲ. ನಗರಪಾಲಿಕೆಯ ಕಟ್ಟಡದ ಕೆಲಸಕ್ಕೆ ಅವನು ಕೈ ಹಚ್ಚುವಂತಿರಲಿಲ್ಲ. ಉಳಿದದ್ದು ಊರವರ ಮನೆ ಕೆಲಸ. ಅಧ್ಯಕ್ಷನನ್ನು ಕರೆದು, ನಮ್ಮ ಹಿತ್ತಲ ಗೋಡೆ ಬಿದ್ದಿದೆ, ನಾಳೆ ಬಂದು ಕಟ್ಟು ಎಂದು ಯಾರು ಹೇಳಿಯಾರು? ತಪ್ಪು ಕಟ್ಟಿದರೆ ಬೈಯುವುದು ಹೇಗೆ? ಜನ ಅಪ್ಪನಿಗೆ ನಮಸ್ಕಾರ ಮಾಡಿ ಬೇರೆ ಗವಂಡಿಯನ್ನು ಕರೆದುಕೊಂಡು ಹೋದರು. ಅಪ್ಪನ ಕೈಕೆಳಗೆ ಕಲಿತ ಹುಡುಗರೇ ಆ ಕೆಲಸಕ್ಕೆ ಹೋದರು. ಅವ್ವನ ಕೂಲಿಯೂ ನಿಂತಿತು. ಅಧ್ಯಕ್ಷರ ಹೆಂಡತಿಯ ತಲೆಯ ಮೇಲೆ ಬುಟ್ಟಿ ಇಡಲು ಯಾವ ಮೇಸ್ತ್ರಿಗೂ ಧೈರ್ಯ ಬರಲಿಲ್ಲ.

ಇತ್ತ ಮನೆಗೆ ಜನ ಬರುವುದು ಹೆಚ್ಚಾಯಿತು. ಬೆಳಕು ಹರಿಯುವ ಮೊದಲೇ ಕಟ್ಟೆಯ ಮೇಲೆ ಕೆಮ್ಮುವ ಸದ್ದು. ಗಟಾರು ತುಂಬಿದವರು, ಓಣಿಯ ದೀಪ ಹತ್ತದವರು, ಅಣ್ಣತಮ್ಮಂದಿರ ಗೋಡೆಯ ಜಗಳದವರು. ಬಂದವರಿಗೆಲ್ಲ ಚಹಾ ಆಗಬೇಕು. ಅಪ್ಪ ಪಡಸಾಲೆಯಿಂದಲೇ "ರತ್ನಾ, ಚಾ ಆತೇನು ನೋಡು" ಎಂದು ನನ್ನನ್ನು ಕೂಗುತ್ತಿದ್ದ. ನಾನು ಒಳಗೆ ಹೋದರೆ ಅವ್ವ ಒಲೆಯ ಮುಂದೆ ಬೆಲ್ಲದ ಡಬ್ಬಿಯ ತಳ ಕೆರೆಯುತ್ತಿರುತ್ತಿದ್ದಳು. ಮೊದಲು ನಮ್ಮ ಊಟದಿಂದ ಶೇಂಗಾ ಹಿಂಡಿ ಹೋಯಿತು, ಆಮೇಲೆ ಬೇಳೆ. ಪುಂಡಿ ಪಲ್ಯದಲ್ಲಿ ನುಚ್ಚು ಹೆಚ್ಚಾಯಿತು. ಆಯಿ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ತಾಟಿಗೆ ಹಾಕಿ, ಹಲ್ಲು ನೋಯುತ್ತದೆ ಎನ್ನುತ್ತಿದ್ದಳು. ಅವಳಿಗೆ ಹಲ್ಲೇ ಇರಲಿಲ್ಲ.

ರವಿವಾರ ನಮ್ಮ ಮನೆದೇವರು ಬೀರೋಬನ ಪೂಜೆ. ಅಪ್ಪ ಮಿಂದು ಒದ್ದೆ ಬಟ್ಟೆಯಲ್ಲೇ ದೇವರ ಕೋಣೆಗೆ ಹೋಗಿ, ಭಂಡಾರದ ಅರಿಸಿನ ಹಚ್ಚಿ, ನಮ್ಮ ಹಣೆಗೂ ಇಡುತ್ತಿದ್ದ. ಅದು ಮುಗಿಯುವವರೆಗೆ ಮನೆಯಲ್ಲಿ ಯಾರೂ ಬಾಯಿಗೆ ನೀರು ಹಾಕುವಂತಿರಲಿಲ್ಲ. ಅಧ್ಯಕ್ಷನಾದ ಮೇಲೆ ಪೂಜೆಯ ಹೊತ್ತು ಸರಿಯುತ್ತ ಹೋಯಿತು. ಮಿಂದು ಒಳಗೆ ಹೊರಟವನನ್ನು ಯಾರೋ ಹೊರಗೆ ಕರೆಯುವರು. ಆಯಿ ದೇವರ ಮುಂದೆ ದೀಪ ಹಚ್ಚಿಟ್ಟು ಕಾಯುತ್ತ ಕೂಡುವಳು. ಒಂದು ರವಿವಾರ ಸೂರ್ಯ ನೆತ್ತಿಗೆ ಬಂದರೂ ಅಪ್ಪ ಒಳಗೆ ಬರಲಿಲ್ಲ. ಆಯಿ ಪಡಸಾಲೆಗೆ ಬಂದು, ಕೂತವರ ನಡುವೆ ನಿಂತು ಹೇಳಿದಳು:

"ಯಪ್ಪಾ, ದೇವರು ಹಸದಾನ. ನಾವೂ ಹಸದೀವಿ. ಇವ್ರದು ಮುಗದ ಮ್ಯಾಲ ನಮ್ಮ ಪಾಳಿ ಬರತೈತೋ ಹ್ಯಾಂಗ?"

ಕೂತವರು ಎದ್ದು ಹೋದರು. ಅಪ್ಪ ಆ ದಿನ ಅವಸರದಲ್ಲಿ ಪೂಜೆ ಮುಗಿಸಿ, ಭಂಡಾರವನ್ನು ನಮ್ಮ ಹಣೆಗೆ ಒತ್ತಿ ಇಟ್ಟು, ಉಣ್ಣದೆ ಹೋಗಿ ಮಲಗಿದ. ಅವನಿಗೂ ಸಾಕಾಗಿತ್ತು ಎಂದು ಈಗ ಎಂಬತ್ತರ ಹತ್ತಿರ ಬಂದಿರುವ ನನಗೆ ತಿಳಿಯುತ್ತದೆ. ಆಗ ನಾನು ಸಿಟ್ಟು ಎಂದುಕೊಂಡಿದ್ದೆ.

ಅಧ್ಯಕ್ಷಗಿರಿಯನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದು ಕೇಳಬಹುದು. ಅವ್ವ ಕೇಳಿದಳು. ಅಪ್ಪ ಬಿಡದೆ ಇದ್ದದ್ದು ನಳದ ಸಲುವಾಗಿ. ನಮ್ಮ ಓಣಿಗೂ ಅದರ ಹಿಂದಿನ ಕೇರಿಗೂ ಕುಡಿಯುವ ನೀರಿನ ಬಾವಿ ಇರಲಿಲ್ಲ. ಹೆಂಗಸರು ಊರಾಚೆಗಿನ ಬಾವಿಯಿಂದ ಹೊತ್ತು ತರುತ್ತಿದ್ದರು. ಊರಿಗೆ ನಳದ ನೀರು ತರುವ ಮಾತು ನಡೆದಿತ್ತು. ಕೊಳವೆ ಮೊದಲು ಪೇಟೆಗೆ ಹೋಗಬೇಕು ಎಂದು ಅಡತಿಯವರು, ವಾಡೆಯ ಕಡೆಗೆ ಎಂದು ಮಾಲಕರ ಕಡೆಯವರು. ಎದುರು ಮಾತಾಡಿ ಗೊತ್ತಿಲ್ಲದ ಅಪ್ಪ ಆ ಒಂದು ವಿಷಯದಲ್ಲಿ ಮಾತ್ರ ಎದುರು ನಿಂತ. ನೀರು ಇಲ್ಲದವರ ಕಡೆ ಮೊದಲು ಎಂದ. ಅದಕ್ಕಾಗಿ ಸೊಲ್ಲಾಪುರದ ಕಚೇರಿಗಳಿಗೆ ಅಲೆದ. ಬಸ್ಸಿನ ಧೂಳು ಹೊತ್ತು ಸಂಜೆ ಮನೆಗೆ ಬಂದು, ಕೋಟು ಬಿಚ್ಚದೆ ಗೋಡೆಗೆ ಒರಗಿ ಹಾಗೆಯೇ ನಿದ್ದೆ ಹೋಗುತ್ತಿದ್ದ.

ಅಂಥ ಒಂದು ದಿನ ಅವನು ಸೊಲ್ಲಾಪುರಕ್ಕೆ ಹೋದಾಗ, ಕೊಳವೆಯ ಕೆಲಸ ಹಿಡಿಯಬೇಕೆಂದಿದ್ದ ಒಬ್ಬ ಗುತ್ತೇದಾರನ ಆಳು ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿದ. ಗಾಡಿಯಲ್ಲಿ ಜೋಳದ ಚೀಲ, ಗೋದಿಯ ಚೀಲ, ಬೆಲ್ಲದ ಪೆಂಟಿ. ನಾನು ಬೆಲ್ಲವನ್ನೇ ನೋಡುತ್ತ ನಿಂತಿದ್ದೆ. ಅವ್ವ ಬಾಗಿಲಿಗೆ ಬಂದಳು. ಆಳು, ಇದು ಸಾಹೇಬರು ಪ್ರೀತಿಯಿಂದ ಕಳಿಸಿದ್ದು ಎಂದ. ಅವ್ವ ಚೀಲಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು.

"ಮನ್ಯಾಗ ಅವರಿಲ್ಲಪಾ. ಇಳಸಬ್ಯಾಡ, ಹೊಡಕೊಂಡ ಹೋಗು," ಎಂದಳು.

ಅವನು ಒತ್ತಾಯ ಮಾಡಿದ. ಅವ್ವ ಎತ್ತುಗಳ ಮೂಗುದಾರ ಹಿಡಿದು ಗಾಡಿಯನ್ನು ತಾನೇ ತಿರುಗಿಸಿದಳು. ಸಂಜೆ ಅಪ್ಪ ಬಂದ ಮೇಲೆ ಅದನ್ನು ಹೇಳಿದಳು. ಅಪ್ಪ ಹಿಗ್ಗಿ, "ಛಲೋ ಮಾಡಿದಿ ನೋಡು" ಎಂದ. ಅವ್ವ ಒಲೆಯ ಮುಂದಿನಿಂದ ಏಳದೆ ಮಾತಾಡಿದಳು:

"ನನ್ನ ಹೊಗಳಬ್ಯಾಡ್ರಿ. ನಾಳೆ ಹಂಚಿನ ಮ್ಯಾಲ ಏನ ಹಾಕಲಿ ಅದನ್ನ ಹೇಳ್ರಿ."

"ನಳ ಬರೂತನಕ ತಡಿ. ಬಂದ ದಿನಾನ ಬಿಡತೀನಿ."

"ನಳ ಬಂದ್ರ ನೀರ ಬರತಾವ. ನೀರಾಗ ಕುದಸಾಕ ಏನರೆ ಬೇಕಲ್ರಿ."

ಅಪ್ಪ ಒಲೆಯ ಬದಿಯ ಖಾಲಿ ಡಬ್ಬಿಯನ್ನು ಎತ್ತಿ ನೋಡಿ ಇಟ್ಟ. ಸ್ವಲ್ಪ ಹೊತ್ತಿನ ಮೇಲೆ ಅವ್ವ, ಸೊಲ್ಲಾಪುರದಲ್ಲಿ ತಂಗಿ ಬಸುರಿ, ದಿನ ತುಂಬಿವೆ, ಬಾಣಂತನಕ್ಕೆ ಹೋಗಿ ಬರುತ್ತೇನೆ ಎಂದಳು. ಚಿಗವ್ವ ಬಸುರಿ ಎಂಬುದು ನಿಜವೇ. ಆದರೆ ಅವ್ವ ಅದನ್ನು ಹೇಳುವಾಗ ಅಪ್ಪನ ಮುಖ ನೋಡಲಿಲ್ಲ, ಅಪ್ಪನೂ ಏನೂ ಕೇಳಲಿಲ್ಲ. ಬಟ್ಟೆಯ ಗಂಟು ಕಟ್ಟುವಾಗ ಅವಳು ತನ್ನ ಕೆಲಸದ ಹಳೆಯ ಸೀರೆಯನ್ನೂ ಬುಟ್ಟಿಯ ಕೆಳಗೆ ತಲೆಗಿಡುವ ಸಿಂಬಿಯನ್ನೂ ಒಳಗಿಟ್ಟಳು. ಅಪ್ಪ ಅಲ್ಲೇ ಕುಳಿತಿದ್ದ. ಎದ್ದು ಹೊರಗೆ ಹೋದ.

ಚಿಗವ್ವನ ಗಂಡ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ. ಅವರಿದ್ದದ್ದು ವಿಜಾಪುರ ರಸ್ತೆಯ ಕಡೆ, ಒಂದೇ ಕೋಣೆಯ ಮನೆಯಲ್ಲಿ. ಗಿರಣಿಯ ಭೋಂಗಾ ಊದಿದರೆ ಬೆಳಗಾಯಿತೆಂದು ಲೆಕ್ಕ. ನನ್ನನ್ನು ಸಾಲೆ ಬಿಡಿಸಿ ಕರೆದುಕೊಂಡು ಬಂದದ್ದು ಕೂಸನ್ನು ಆಡಿಸಲು. ಕೂಸು ಹುಟ್ಟಿ, ಹೆಸರಿಟ್ಟು, ಚಿಗವ್ವ ಎದ್ದು ಓಡಾಡುವಂತಾದ ಮೇಲೂ ನಾವು ಊರಿಗೆ ಹೋಗಲಿಲ್ಲ. ಆ ರಸ್ತೆಯಲ್ಲಿ ಆಗ ಹೊಲಗಳ ನಡುವೆ ಹೊಸ ಬಂಗಲೆಗಳು ಏಳುತ್ತಿದ್ದವು. ಒಬ್ಬ ವಕೀಲರ ಬಂಗಲೆಯ ಕೆಲಸಕ್ಕೆ ಅವ್ವ ಹೋಗತೊಡಗಿದಳು. ಅಲ್ಲಿ ಅವಳು ಯಾರ ಹೆಂಡತಿಯೆಂದು ಯಾರೂ ಕೇಳಲಿಲ್ಲ. ಮಧ್ಯಾಹ್ನ ನಾನು ರೊಟ್ಟಿ ಒಯ್ದು ಕೊಡುತ್ತಿದ್ದೆ. ಬೇವಿನ ಗಿಡದ ಕೆಳಗೆ ಕೂತು ಅವಳು ಉಣ್ಣುವಾಗ ಅವಳ ಕುತ್ತಿಗೆಯ ನರಗಳು ಎದ್ದು ಕಾಣುತ್ತಿದ್ದವು. ಬಹಳ ದಿನ ಬಿಟ್ಟ ಕೆಲಸ, ಮೈ ಮರೆತಿತ್ತು. ರಾತ್ರಿ ಮಲಗಿದರೆ ನರಳುತ್ತಿದ್ದಳು. ಆದರೂ ಅಲ್ಲಿ ಅವಳ ಮುಖದಲ್ಲಿ ಒಂದು ಸಮಾಧಾನ ಇತ್ತು. ವಾರದ ಸಂತೆಯ ದಿನ ಜೋಳ ಕೊಂಡು, ನಮ್ಮೂರ ಕಡೆ ಹೋಗುವವರ ಕೈಯಲ್ಲಿ ಆಯಿಗೆ ಕಳಿಸುತ್ತಿದ್ದಳು. ಅಪ್ಪ ಆ ಜೋಳದ ರೊಟ್ಟಿಯನ್ನೇ ತಿಂದು ಪಡಸಾಲೆಯಲ್ಲಿ ನ್ಯಾಯ ಹೇಳುತ್ತಿದ್ದ. ಅದು ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ, ಆಯಿ ಹೇಳಲಿಲ್ಲ.

ಒಂದು ಮಧ್ಯಾಹ್ನ ನಾನು ರೊಟ್ಟಿಯ ಗಂಟು ಹಿಡಿದುಕೊಂಡು ಬೇವಿನ ಕೆಳಗೆ ಕಾಯುತ್ತಿದ್ದೆ. ಬಂಗಲೆಯ ಮುಂದೆ ಟಾಂಗಾ ಬಂದು ನಿಂತಿತು. ವಕೀಲರು ಇಳಿದರು. ಅವರ ಹಿಂದೆ ಕರಿಯ ಕೋಟಿನ, ಬಿಳಿ ಟೋಪಿಯ ಮನುಷ್ಯನೊಬ್ಬ ಇಳಿದ. ಅದು ಅಪ್ಪ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ನಳದ ಕಾಗದಪತ್ರದ ವಿಷಯಕ್ಕೆ ಅವನು ಆ ವಕೀಲರ ಸಲಹೆ ಕೇಳಲು ಬಂದಿದ್ದನಂತೆ.

"ಯಾ ಅಧ್ಯಕ್ಷಸಾಹೇಬ, ಯಾ," ಎಂದು ಮರಾಠಿಯಲ್ಲಿ ಬರಮಾಡಿಕೊಳ್ಳುತ್ತ ವಕೀಲರು ಅವನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದರು. "ನೀವು ಈ ಕಸಬಿನವರು. ಗ್ವಾಡಿ ಹ್ಯಾಂಗ ಬಂದಾವ ಹೇಳ್ರಿ."

ಆಗಲೇ ಅವ್ವ ಗಚ್ಚಿನ ಬುಟ್ಟಿ ಹೊತ್ತು ಮೂಲೆ ತಿರುಗಿದಳು. ಅವಳೂ ಅಪ್ಪನೂ ಒಬ್ಬರನ್ನೊಬ್ಬರು ನೋಡಿದರು. ಅವ್ವ ಒಂದು ಕೈಯಿಂದ ಬುಟ್ಟಿ ಹಿಡಿದು, ಇನ್ನೊಂದು ಕೈಯಿಂದ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಗಂಡಸರಿಬ್ಬರ ಬದಿಯಿಂದಲೇ ಹಾಯ್ದು ಹೋದಳು. ಅಪ್ಪನ ಬಾಯಿ ತೆರೆದಿತ್ತು. ಏನೋ ಹೇಳುವವನಿದ್ದ ಎಂದೇ ನಾನು ಈಗಲೂ ನಂಬಿದ್ದೇನೆ. ಆದರೆ ಹೇಳಲಿಲ್ಲ. ಗೋಡೆಯ ಮೇಲೆ ಅಂಗೈ ಇಟ್ಟು, "ಛಲೋ ಬಂದಾವ್ರಿ" ಎಂದ. ವಕೀಲರ ಜೊತೆ ಟಾಂಗಾ ಹತ್ತಿ ಹೋದ. ನಾನು ಬೇವಿನ ಹಿಂದೆ ಸರಿದಿದ್ದೆ, ನನ್ನನ್ನು ಅವನು ನೋಡಲಿಲ್ಲ.

ಅವ್ವ ಊಟಕ್ಕೆ ಬಂದಳು. ಕೈ ತೊಳೆದು ರೊಟ್ಟಿ ಬಿಚ್ಚಿದಳು.

"ಅವ್ವಾ, ಅಪ್ಪ ಬಂದಿದ್ದ."

"ನೋಡೀನಿ. ಉಪ್ಪ ತಂದೀ ಇಲ್ಲೋ?"

ಅಷ್ಟೇ. ಅವಳು ಎಂದಿನಂತೆ ಉಂಡಳು, ಎಂದಿನಂತೆ ಎದ್ದು ಹೋದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಚಿಗವ್ವನ ಮನೆಗೆ ಬಂದ. ಕೋಟು ಮಡಚಿ ಕೈಯಲ್ಲಿ ಹಿಡಿದಿದ್ದ. ಚಿಗವ್ವ ಚಹಾ ಕೊಟ್ಟಳು. ಕೂಸನ್ನು ಎತ್ತಿಕೊಂಡು ಅಪ್ಪ ಅದರ ಜೊತೆ ಏನೇನೋ ಮಾತಾಡಿದ. ಅವ್ವ ಹೊಸ್ತಿಲಲ್ಲಿ ಕೂತು ಅಂಗೈಯ ಗುಳ್ಳೆಗಳಿಗೆ ಎಣ್ಣೆ ಸವರುತ್ತಿದ್ದಳು. ಸುಣ್ಣ ತಿಂದು ಬೆರಳ ಸಂದಿಗಳು ಒಡೆದಿದ್ದವು. ಅಪ್ಪ ಕೂಸನ್ನು ನನ್ನ ಕೈಗೆ ಕೊಟ್ಟು ಅವಳ ಹತ್ತಿರ ಹೋಗಿ ಕೂತ.

"ಇವತ್ತ ನನಗ ಬಾಯಿ ಬರಲಿಲ್ಲ," ಎಂದ.

ಅವ್ವ ಎಣ್ಣೆ ಸವರುತ್ತಲೇ ಇದ್ದಳು. "ಬಂದಿದ್ರ ಏನಂತಿದ್ರಿ?"

"ನನ್ನ ಹೇಣ್ತಿ ಅಂತಿದ್ದೆ."

"ಅಂದಿದ್ರ ನನಗ ಅಲ್ಲಿ ಕೆಲಸಾ ಹೋಗತಿತ್ತು," ಎಂದಳು ಅವ್ವ. "ಬಿಡ್ರಿ ಅದನ್ನ."

ಅವಳ ಮಾತಿನಲ್ಲಿ ಕ್ಷಮೆಯೂ ಇರಲಿಲ್ಲ, ಹಂಗಿಸುವುದೂ ಇರಲಿಲ್ಲ. ದಣಿದವರು ಮಾತಾಡುವುದು ಹಾಗೆ. ಅಪ್ಪ ಆ ರಾತ್ರಿ ಊರಿಗೆ ಹೋಗಲಿಲ್ಲ.

ಬೆಳಿಗ್ಗೆ ಭೋಂಗಾ ಊದಿದಾಗ ಅವನು ಚಿಗವ್ವನ ಗಂಡನ ಹಳೆಯ ಧೋತರ ಉಟ್ಟು, ತಲೆಗೆ ವಸ್ತ್ರ ಸುತ್ತಿ ನಿಂತಿದ್ದ. ಅವ್ವ ಬುತ್ತಿ ಕಟ್ಟುವಾಗ ಇನ್ನೆರಡು ರೊಟ್ಟಿ ಸೇರಿಸಿ ಕಟ್ಟಿದಳು. ಇಬ್ಬರೂ ಕೂಡಿಯೇ ಬಂಗಲೆಯ ಕಡೆ ಹೊರಟರು. ಅಲ್ಲಿ ಆಳುಗಳ ಮೇಲ್ವಿಚಾರಣೆಯ ಮುಕಾದಮ ಅಪ್ಪನ ಹಳೆಯ ಪರಿಚಯದವನು. ಎಲ್ಲಿ ಹೋಗಿದ್ದಿ ಇಷ್ಟು ದಿನ ಎಂದು ಬೈದು ಕರಣಿ ಕೊಟ್ಟನಂತೆ. ಮಧ್ಯಾಹ್ನ ನಾನು ಹೋದಾಗ ಅಪ್ಪ ಬಿದಿರಿನ ಅಟ್ಟದ ಮೇಲೆ ನಿಂತು ಇಟ್ಟಂಗಿ ಇಡುತ್ತಿದ್ದ. ಅವ್ವ ಕೆಳಗಿನಿಂದ ಬುಟ್ಟಿ ಎತ್ತಿ ಕೊಡುತ್ತಿದ್ದಳು, ಅವನು ಬಾಗಿ ತೆಗೆದುಕೊಳ್ಳುತ್ತಿದ್ದ. ಅವನು ಇಷ್ಟು ಸಲೀಸಾಗಿ ಬಾಗಿ ಏಳುವುದನ್ನು ನಾನು ನೋಡಿ ವರ್ಷವಾಗಿತ್ತು.

ವಾರದ ಕೊನೆಗೆ ವಕೀಲರು ಬಂದು ಅಟ್ಟದ ಮೇಲೆ ನೋಡಿದರು. ಮತ್ತೊಮ್ಮೆ ನೋಡಿದರು.

"ಅಧ್ಯಕ್ಷಸಾಹೇಬ, ಹೇ ಕಾಯ್? ಇದೇನು ಮಾಡಾಕತ್ತೀರಿ?"

"ನಿಮ್ಮ ಗ್ವಾಡಿ ಕಟ್ಟಾಕತ್ತೀನ್ರಿ," ಎಂದ ಅಪ್ಪ. ಕೆಳಗೆ ಬುಟ್ಟಿ ಹಿಡಿದು ನಿಂತಿದ್ದ ಅವ್ವನ ಕಡೆ ಕೈ ಮಾಡಿ, "ಇಕಿ ನನ್ನ ಹೇಣ್ತಿರಿ. ಅವತ್ತ ಹೇಳಬೇಕಾಗಿತ್ತು," ಎಂದ.

ವಕೀಲರು ಒಳ್ಳೆಯ ಮನುಷ್ಯ. ಅವ್ವನಿಗೆ ನಮಸ್ಕಾರ ಮಾಡಿದರು. ಆದರೆ ಕಚೇರಿಯಲ್ಲಿ ಕೂತು ನಾಲ್ಕು ಜನಕ್ಕೆ ಮೆಚ್ಚಿಕೊಂಡೇ ಹೇಳಿರಬೇಕು. ಮಾತು ನಮಗಿಂತ ಮೊದಲೇ ಅಕ್ಕಲಕೋಟ ಮುಟ್ಟಿತು.

ನಾವು ಊರಿಗೆ ಬಂದ ಮರುದಿನ ಮಾಲಕರೇ ನಮ್ಮ ಮನೆಗೆ ಬಂದರು. ಅವರು ಆ ಓಣಿಗೆ ಕಾಲಿಟ್ಟದ್ದೇ ಅದು ಮೊದಲು. ಬೆತ್ತದ ಕುರ್ಚಿಯಲ್ಲಿ ಕೂತರು. ಅವರ ಜೊತೆ ಬಂದವರು ನಿಂತರು. ಅಪ್ಪ ಕಂಬಳಿಯ ತುದಿಯಲ್ಲಿ ಕೂತ. ಅವ್ವ ಅಡುಗೆಯ ಬಾಗಿಲ ಹಿಂದೆ ನಿಂತಿದ್ದಳು, ನಾನು ಅವಳ ಸೆರಗು ಹಿಡಿದಿದ್ದೆ.

"ಬೀರಪ್ಪ," ಎಂದರು ಮಾಲಕರು. ಅಧ್ಯಕ್ಷರು ಎಂದು ಕರೆಯಲಿಲ್ಲ. "ನಿನಗೇನರೆ ಬೇಕಾಗಿದ್ರ ನನ್ನ ಕೇಳಬೇಕಾಗಿತ್ತು. ಅಧ್ಯಕ್ಷ ಅಂದ್ರ ಊರಿನ ಮುಖಾ ಇದ್ದಂಗ. ಸೊಲ್ಲಾಪುರದಾಗ ನೀನು ಇಟ್ಟಂಗಿ ಹೊರತಿ, ನಿನ್ನ ಹೇಣ್ತಿ ಗಚ್ಚ ಹೊರತಾಳ. ಊರ ಮರ್ಯಾದಿ ಏನ ಉಳೀತು?"

ಅಪ್ಪ ತಲೆ ತಗ್ಗಿಸಿ ಕೇಳುತ್ತಿದ್ದ. ನಳದ ವಿಷಯ ಬಿಟ್ಟರೆ ಮಾಲಕರ ಎದುರು ಅವನ ಬಾಯಿ ತೆರೆದದ್ದಿಲ್ಲ. ಆಗ ಅವ್ವ ಸೆರಗು ಬಿಡಿಸಿಕೊಂಡು ಹೊಸ್ತಿಲ ಮೇಲೆ ಬಂದು ನಿಂತಳು. ಹೊರಗಿನ ಗಂಡಸರ ಮುಂದೆ ಅವಳು ಹಾಗೆ ಬಂದು ಮಾತಾಡಿದ್ದನ್ನು ನಾನು ಮೊದಲು ನೋಡಿದ್ದಿಲ್ಲ.

"ಮಾಲಕರ, ನಿಮ್ಮ ವಾಡೇಕ ಗಚ್ಚ ಹೊತ್ತಾಕಿ ನಾನರಿ. ನೀವು ಮಾಳಿಗಿ ಮ್ಯಾಲ ನಿಂತ ನೋಡತಿದ್ರಿ. ಬಿಸಲ ಐತಿ, ನೀರ ಕುಡೀರಿ ಅಂತ ಒಮ್ಮಿ ಅಂದಿದ್ರಿ, ನನಗ ನೆನಪೈತಿ. ಆವಾಗ ಊರಿನ ಮರ್ಯಾದಿ ಹೋಗಿದ್ದಿಲ್ಲ. ಈಗ ಹ್ಯಾಂಗ ಹೋತ್ರಿ?"

ಅವ್ವ ದನಿ ಏರಿಸಿರಲಿಲ್ಲ. ಜೋಳ ಕೇರುವಾಗ ಅಕ್ಕಪಕ್ಕದವರ ಜೊತೆ ಮಾತಾಡುವ ದನಿಯಲ್ಲೇ ಮುಂದುವರಿಸಿದಳು:

"ಇವರಿಗೆ ಊರಾಗ ಒಂದ ಕೆಲಸಾ ಕೊಡ್ರಿ. ಒಂದ ಹಿತ್ತಲ ಗ್ವಾಡಿ ಸಾಕು. ನಾವು ಸೊಲ್ಲಾಪುರಕ್ಕ ಹೋಗೂದಿಲ್ಲ."

ಮಾಲಕರಿಗೆ ನಿಜವಾಗಿ ಕಸಿವಿಸಿಯಾಗಿತ್ತು ಎಂದು ತೋರುತ್ತದೆ. ಅವರು ಕೆಟ್ಟವರಲ್ಲ, ದಾರಿ ತಿಳಿಯದವರು. ಚಹಾ ಮುಗಿಸದೆ ಎದ್ದರು. ಬಾಗಿಲಲ್ಲಿ ನಿಂತು, "ಅಧ್ಯಕ್ಷನ ಕೈಲೆ ಗ್ವಾಡಿ ಹ್ಯಾಂಗ ಕಟ್ಟಸೂದವಾ?" ಎಂದರು. ಅದು ಪ್ರಶ್ನೆಯೇ ಆಗಿತ್ತು.

ಅಪ್ಪ ಅವಧಿ ಮುಗಿಯುವವರೆಗೂ ಹಾಗೆಯೇ ನಡೆಸಿದ. ವಾರದಲ್ಲಿ ಸಭೆ ಇದ್ದ ದಿನ ಊರಲ್ಲಿ, ಉಳಿದ ದಿನ ಸೊಲ್ಲಾಪುರದ ಅಟ್ಟದ ಮೇಲೆ. ಬಸ್ಸಿನಲ್ಲಿ ಕೋಟು ಹಾಕಿಕೊಳ್ಳುವುದು, ಬಸ್ಸಿನಲ್ಲೇ ಬಿಚ್ಚುವುದು. ಕೆಲವರು ನಕ್ಕರು, ಕೆಲವರು ಮೆಚ್ಚಿದರು. ಎರಡಕ್ಕೂ ತಿರುಗಿ ನೋಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ನಡುವೆ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದರು. ಹೊಳೆಯಾಚೆಯ ಅವನ ಹುಟ್ಟೂರು ಮೈಸೂರಿಗೆ ಹೋಯಿತು, ಅಕ್ಕಲಕೋಟ ಮುಂಬಯಿಯಲ್ಲೇ ಉಳಿಯಿತು. ಸಭೆಯಲ್ಲಿ ಯಾರೋ ಈ ಅಧ್ಯಕ್ಷ ಪರರಾಜ್ಯದವನು ಎಂದು ಕುಶಾಲು ಮಾಡಿದರಂತೆ. ಅಪ್ಪ ಅದನ್ನು ಊಟದ ಹೊತ್ತಿಗೆ ಹೇಳಿದ. ನಾವು ನಕ್ಕೆವು, ಆಯಿ ಮಾತ್ರ ನಗಲಿಲ್ಲ. ನಮ್ಮ ಹೊಳೆಯನ್ನು ಯಾರು ಎಳೆದು ಎಲ್ಲಿಟ್ಟರು ಎಂಬುದು ಅವಳಿಗೆ ತಿಳಿಯಲಿಲ್ಲ.

ಅವಧಿಯ ಕೊನೆಯ ತಿಂಗಳಲ್ಲಿ ನಮ್ಮ ಓಣಿಗೆ ನಳ ಬಂತು. ಹಿಂದಿನ ಕೇರಿಗೂ ಬಂತು. ನೀರು ಸಣ್ಣಗೆ ಬರುತ್ತಿತ್ತು, ಒಂದು ಕೊಡ ತುಂಬಲು ಎರಡು ಜಗಳವಾಗುತ್ತಿದ್ದವು. ಆದರೂ ಬಂತು. ಅಪ್ಪ ಅದರ ಕಟ್ಟೆಗೆ ತಾನೇ ಹಾಸುಗಲ್ಲು ಕೂರಿಸಿದ. ಮತ್ತೆ ನಿಲ್ಲು ಎಂದು ಓಣಿಯವರು ಕೇಳಿದಾಗ ಕೈಮುಗಿದ.

ಇನ್ನು ಎಲ್ಲ ಮೊದಲಿನಂತೆ ಆಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆಗಲಿಲ್ಲ. ಅಧ್ಯಕ್ಷನಿಗೆ ಕೆಲಸ ಹೇಳಲು ಅಂಜುತ್ತಿದ್ದವರು ಮಾಜಿ ಅಧ್ಯಕ್ಷನಿಗೂ ಅಂಜಿದರು. ಮರ್ಯಾದೆ ಒಮ್ಮೆ ಮೈಗೆ ಅಂಟಿದರೆ ತೊಳೆದರೂ ಹೋಗುವುದಿಲ್ಲ ಎಂಬುದನ್ನು ನಾನು ಆ ವರ್ಷ ಕಲಿತೆ. ಮುಂದೆ ನಾನು ಸಾಲೆ ಮುಂದುವರಿಸಿ ಮಾಸ್ತರಿಣಿಯಾದ ಮೇಲೆ, ಯಾರಾದರೂ ಸಭೆಗೆ ಕರೆದು ಹಾರ ಹಾಕಲು ಬಂದರೆ ಕೈ ಮುಂದೆ ಚಾಚಿ ಕೈಯಲ್ಲೇ ತೆಗೆದುಕೊಳ್ಳುತ್ತಿದ್ದೆ. ಕುತ್ತಿಗೆಗೆ ಹಾಕಿಸಿಕೊಳ್ಳುತ್ತಿರಲಿಲ್ಲ. ಜನ ಅದನ್ನು ವಿನಯ ಎಂದರು.

ಕೊನೆಗೆ ಅಪ್ಪ ಮನೆಯನ್ನು ಒಬ್ಬ ಗಾಣಿಗನಿಗೆ ಬಿಟ್ಟುಕೊಟ್ಟು, ನಮ್ಮನ್ನೆಲ್ಲ ಸೊಲ್ಲಾಪುರಕ್ಕೆ ಕರೆದುಕೊಂಡು ಬಂದ. ಅವನ ಆಯುಷ್ಯದಲ್ಲಿ ಎರಡನೆಯ ಸಲ ಪರವೂರು. ಆಯಿ ದೇವರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳು. ವಿಜಾಪುರ ರಸ್ತೆಯ ಒಂದು ಚಾಳಿನಲ್ಲಿ ನಮಗೆ ಕೋಣೆ ಸಿಕ್ಕಿತು. ಸಾಮಾನು ಇಳಿಸಿ, ಒಲೆ ಹೂಡಿ, ಮಲಗುವಷ್ಟರಲ್ಲಿ ಎಲ್ಲರ ಮೈ ನುಗ್ಗಾಗಿತ್ತು.

ಬೆಳಿಗ್ಗೆ ಅಪ್ಪ ಇನ್ನೂ ಉಣ್ಣುತ್ತ ಕೂತಿದ್ದ. ಹೊರಗೆ ರಸ್ತೆಯಲ್ಲಿ ಮುಕಾದಮ ಸೈಕಲ್ ನಿಲ್ಲಿಸಿ, ಇಡೀ ಚಾಳಿಗೆ ಕೇಳುವ ಹಾಗೆ ಕೂಗಿದ.

"ಏ ಬೀರ್ಯಾ, ಹೊರಗ ಬಾ ಲಗೂ. ಎಷ್ಟೊತ್ತ ತಿಂತೀ?"

ನನ್ನ ಮುಖ ಬಿಸಿಯಾಯಿತು. ಅಕ್ಕಲಕೋಟದಲ್ಲಿ ಯಾರೂ ಅಪ್ಪನನ್ನು ಹಾಗೆ ಕರೆದು ಎಷ್ಟು ವರ್ಷವಾಗಿತ್ತೋ. ನಾನು ಬಾಗಿಲಿಗೆ ಹೋಗಿ ಮುಕಾದಮನಿಗೆ ಏನಾದರೂ ಅನ್ನಬೇಕೆಂದು ಎದ್ದೆ. ಅವ್ವ ನನ್ನ ರಟ್ಟೆ ಹಿಡಿದು ಕೂರಿಸಿದಳು.

"ಸುಮ್ಮ ಕುಂದರು. ಕರಿಯಾಕತ್ತಾರಂದ್ರ ಕೆಲಸ ಐತಿ ಅಂತ."

ಅಪ್ಪ ಉಳಿದ ರೊಟ್ಟಿಯನ್ನು ಮಡಚಿ ಬಾಯಿಗೆ ತುಂಬಿಕೊಂಡು, ತಂಬಿಗೆಯ ನೀರನ್ನು ನಿಂತೇ ಕುಡಿದು, ಓಡುತ್ತ ಹೊರಗೆ ಹೋದ.